ಸ್ಟ್ಯಾಂಡಿಲ್ಲದ ಸೈಕಲ್ಲು

ನಾಲ್ಕೂವರೆ ಲಕ್ಷದ ಸೈಕಲ್ಲು ಎಂದರೆ ಕೇಳಿದವರು ಮೊದಲು ಬೆಚ್ಚುತ್ತಾರೆ. ಆಮೇಲೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಸ್ಟ್ಯಾಂಡ್ ಎಲ್ಲಿ?" ಎನ್ನುತ್ತಾರೆ. ಸ್ಟ್ಯಾಂಡ್ ಇಲ್ಲ. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಚೈನು ಮುಚ್ಚುವ ತಗಡಿಲ್ಲ. ಮೇಲ್ದರ್ಜೆಯ ಕಾರ್ಬನ್ ರೋಡ್ ಬೈಕುಗಳಲ್ಲಿ ಹೆಚ್ಚಿನವಕ್ಕೆ ಪೆಡಲ್ಲೂ ಇರುವುದಿಲ್ಲ. ಸವಾರನ ಶೂಗೆ ಯಾವುದು ಕಚ್ಚಿಕೊಳ್ಳುತ್ತದೋ ಅದನ್ನು ಅವನೇ ಬೇರೆಯಾಗಿ ಕೊಂಡು ಕೂಡಿಸಿಕೊಳ್ಳಬೇಕು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಇದನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡು, "ಅಂದರೆ ದುಡ್ಡು ಹೆಚ್ಚು ಕೊಟ್ಟಷ್ಟೂ ಸಾಮಾನು ಕಡಿಮೆ ಕೊಡುತ್ತಾರೆ ಅನ್ನಿ" ಎಂದರು. ಕಾರ್ಬನ್ ಸೈಕಲ್ಲಿನ ಅರ್ಥಶಾಸ್ತ್ರವನ್ನು ಇದಕ್ಕಿಂತ ಚುರುಕಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಬೆಂಗಳೂರಿನ ಸೈಕಲ್ ಸವಾರರಲ್ಲಿ ಎರಡು ಪಂಗಡ. ಭಾನುವಾರ ನಸುಕಿನಲ್ಲಿ ಹೆಬ್ಬಾಳದ ಮೇಲ್ಸೇತುವೆ ದಾಟಿ, ದೇವನಹಳ್ಳಿ ಹಾದು, ನಂದಿಬೆಟ್ಟದ ತಿರುವುಗಳನ್ನು ಏದುಸಿರು ಬಿಡುತ್ತ ಹತ್ತಿ, ಎಷ್ಟು ನಿಮಿಷವಾಯಿತೆಂದು ಗಡಿಯಾರ ನೋಡಿಕೊಳ್ಳುವವರದು ಒಂದು. ಮೈಸೂರು ರಸ್ತೆ ಹಿಡಿದು ಬಿಡದಿಯ ತಟ್ಟೆ ಇಡ್ಲಿಯವರೆಗೆ ಹೋಗಿ, ಅಲ್ಲಿ ಗಡಿಯಾರವನ್ನೇ ಮರೆಯುವವರದು ಇನ್ನೊಂದು. ನಾನು ಎರಡನೆಯ ಪಂಗಡದ ನಿಷ್ಠಾವಂತ. ಹಾಗೆಂದು ಆಸೆ ಇಲ್ಲದವನಲ್ಲ. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬಿನ ನಿಯಮದಂತೆ ನಮ್ಮೂರಿನಲ್ಲೂ ಬ್ರೆವೆ ಎಂಬ ದೀರ್ಘ ಸವಾರಿಗಳು ನಡೆಯುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ; ಮೊದಲು ಬಂದವನಿಗೆ ಬಹುಮಾನವಿಲ್ಲ, ಕೊನೆಗೆ ಬಂದವನಿಗೆ ಅವಮಾನವಿಲ್ಲ. ಇಷ್ಟು ಸುಸಂಸ್ಕೃತ ಕ್ರೀಡೆ ಇನ್ನೊಂದಿದೆಯೇ! ಅದಕ್ಕೆ ಬೇಕಾದದ್ದು ಬಾಣದಂಥ ವೇಗವಲ್ಲ, ನಾಲ್ಕು ಗಂಟೆ ಕಳೆದ ಮೇಲೂ ಕುತ್ತಿಗೆ, ಮಣಿಕಟ್ಟು, ಸೊಂಟ ಈ ಮೂವರೂ ಒಟ್ಟಾಗಿ ದೂರು ಕೊಡದಂಥ ಸೈಕಲ್ಲು.

ಅಂಥದನ್ನು ಆರಿಸುತ್ತ ನಾನು ಒಂದು ಮಳೆಗಾಲವನ್ನೇ ಕಳೆದೆ. ಕೊಳ್ಳುವುದು ಒಂದು ಗಳಿಗೆಯ ಕೆಲಸ, ಆರಿಸುವುದನ್ನು ಎಷ್ಟು ಬೇಕಾದರೂ ಎಳೆಯಬಹುದು. ಹೊರಗೆ ಮಳೆ, ಒಳಗೆ ಬಿಸಿ ಕಾಫಿ, ಎದುರಿಗೆ ಫ್ರೇಮುಗಳ ಅಳತೆಯ ಪಟ್ಟಿ. ನನ್ನ ಹೆಂಡತಿ ಇಣುಕಿ ನೋಡಿ, "ರೀ, ಮಗಳಿಗೆ ಗಂಡು ನೋಡುವಾಗಲಾದರೂ ಇಷ್ಟು ವಿಚಾರಿಸುತ್ತೀರೋ ಇಲ್ಲವೋ!" ಎಂದು ಹೋದಳು.

ನನ್ನಂಥವರಿಗೆಂದೇ ಕಂಪನಿಗಳು ಮಾಡುವ ತಳಿಗೆ ಎಂಡ್ಯೂರೆನ್ಸ್ ಬೈಕ್ ಎಂದು ಹೆಸರು. ಹ್ಯಾಂಡಲ್ ತುಸು ಎತ್ತರ, ಟೈರು ತುಸು ದಪ್ಪ, ಎರಡು ಚಕ್ರಗಳ ನಡುವಿನ ಅಂತರ ತುಸು ಹೆಚ್ಚು. ಆದರೆ ಇದನ್ನು ಸೊಂಟನೋವಿನವರ ಸೈಕಲ್ಲು ಎಂದು ಕರೆದರೆ ಯಾವ ಗಂಡಸು ತಾನೇ ಲಕ್ಷಗಳನ್ನು ಎಣಿಸಿಕೊಟ್ಟಾನು? ಮಾರುವವರು ನಮ್ಮ ಅಭಿಮಾನದ ನಾಡಿಯನ್ನು ಚೆನ್ನಾಗಿ ಬಲ್ಲರು. ಸ್ಪೆಶಲೈಸ್ಡ್ ಕಂಪನಿ ತನ್ನ ಹಿತವಾದ ಸೈಕಲ್ಲಿಗೆ ರೂಬೆ ಎಂದು ಹೆಸರಿಟ್ಟಿತು. ಪ್ಯಾರಿಸ್–ರೂಬೆ ಎಂಬುದು 1896ರಲ್ಲಿ ಶುರುವಾದ ಸ್ಪರ್ಧೆ. ಸುಮಾರು 260 ಕಿಲೋಮೀಟರ್ ದಾರಿಯಲ್ಲಿ ಐವತ್ತೈದು ಕಿಲೋಮೀಟರಿನಷ್ಟು ಒರಟು ಕಲ್ಲುಹಾಸು, ಹೊಲಗಳ ನಡುವೆ, ಮಳೆ ಬಂದರೆ ಕೆಸರು, ಬಾರದಿದ್ದರೆ ಧೂಳು. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಆ ದಾರಿಯನ್ನು ನೋಡಲು ಹೋದವರು, ಶೆಲ್ಲುಗಳು ಬಿದ್ದು ಮರವೊಂದೂ ಉಳಿಯದ ನೆಲ ಕಂಡು, ಅದನ್ನು ಉತ್ತರದ ನರಕ ಎಂದು ಕರೆದರು. ಹೆಸರು ಸ್ಪರ್ಧೆಗೇ ಅಂಟಿಕೊಂಡಿತು. ಅಲ್ಲಿ ಗೆದ್ದವನಿಗೆ ಕೊಡುವ ಟ್ರೋಫಿಯೂ ಅದೇ ರಸ್ತೆಯಂಥ ಒಂದು ಕಲ್ಲು. ಅಷ್ಟು ಹೊತ್ತು ಅದರ ಮೇಲೆ ಕುಟ್ಟಿಸಿಕೊಂಡದ್ದು ಸಾಲದೆಂದು ಮನೆಗೂ ಹೊತ್ತುಕೊಂಡು ಹೋಗಬೇಕು.

ಟ್ರೆಕ್ ಕಂಪನಿಯೂ ಅದೇ ಜಾಡು ಹಿಡಿಯಿತು. 2012ರಲ್ಲಿ ಬಂದ ಅದರ ಡೊಮಾನೆ ಸೈಕಲ್ಲನ್ನು ರೂಪಿಸುವಾಗ ಜೊತೆಗಿದ್ದವನು ಸ್ವಿಟ್ಜರ್ಲೆಂಡಿನ ಫಾಬಿಯನ್ ಕಾಂಚೆಲಾರ. ಮರುವರ್ಷ ಅವನು ಅದನ್ನೇ ಏರಿ ಟೂರ್ ಆಫ್ ಫ್ಲಾಂಡರ್ಸ್, ಪ್ಯಾರಿಸ್–ರೂಬೆ ಎರಡನ್ನೂ ಗೆದ್ದ. ಸೀಟಿನ ಕೆಳಗಿನ ಕೊಳವೆಯನ್ನು ಮೇಲಿನ ಅಡ್ಡ ಕೊಳವೆಗೆ ಬಿಗಿಯಾಗಿ ಬೆಸೆಯದೆ, ನಡುವೆ ಒಂದು ತಿರುಗುಕೀಲು ಇಟ್ಟು, ಕುಲುಕಾಟಕ್ಕೆ ಅದು ಹಿಂದೆ ಮುಂದೆ ಬಳುಕುವಂತೆ ಮಾಡಿದ್ದು ಅದರ ಚಮತ್ಕಾರ. ರೂಬೆಯವರು ಆಮೇಲೆ ಹ್ಯಾಂಡಲ್ಲಿನ ಬುಡದಲ್ಲೇ ಸ್ಪ್ರಿಂಗ್ ಇಟ್ಟು ಇಪ್ಪತ್ತು ಮಿಲಿಮೀಟರ್ ಕುಸಿಯುವಂತೆ ಮಾಡಿದರು. ಇದೆಲ್ಲ ಓದಿದಾಗ ನನ್ನಂಥವನ ಎದೆ ಉಬ್ಬದೆ ಇರುತ್ತದೆಯೇ? ನರಕದಲ್ಲಿ ಗೆದ್ದು ಬಂದ ಸೈಕಲ್ಲು ಮಾಗಡಿ ರಸ್ತೆಗೆ ಧಾರಾಳವಾಗಿ ಆದೀತು. ಸೊಂಟನೋವಿನ ಮಾತನ್ನು ಯಾರೂ ಎತ್ತುವುದಿಲ್ಲ, ಅಂಗಡಿಯವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಇನ್ನು ಕಾರ್ಬನ್. ಒಂದು ಬಗೆಯ ಕೃತಕ ನೂಲನ್ನು ಆಮ್ಲಜನಕ ಸೋಕದ ಕುಲುಮೆಯಲ್ಲಿ ಸಾವಿರ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿದರೆ ಉಳಿಯುವುದು ಇಂಗಾಲದ ಎಳೆ. ಅದರ ದಪ್ಪ, ತಲೆಗೂದಲಿನ ಹತ್ತರಲ್ಲೊಂದು ಪಾಲು. ಅದನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ ಹಾಳೆ ಮಾಡಿ, ಹಾಳೆಯನ್ನು ನೂರಾರು ತುಂಡುಗಳಾಗಿ ಕತ್ತರಿಸಿ, ಅಚ್ಚಿನೊಳಗೆ ಚಿರೋಟಿಯ ಪದರದಂತೆ ಒಂದರ ಮೇಲೊಂದು ಜೋಡಿಸಿ ಬೇಯಿಸುತ್ತಾರೆ. ಎಳೆ ಉದ್ದಕ್ಕೆ ಹೋದರೆ ಒಂದು ಗುಣ, ಓರೆಯಾಗಿ ಹೋದರೆ ಇನ್ನೊಂದು. ಪೆಡಲ್ ತುಳಿಯುವ ಜಾಗ ಜಪ್ಪಯ್ಯ ಎಂದರೂ ಅಲುಗಬಾರದು, ಸೀಟಿನ ಕೆಳಗೆ ಮಾತ್ರ ಕೊಂಚ ಬಳುಕಬೇಕು ಎಂಬ ಹಟವನ್ನು ಉಕ್ಕಿನಲ್ಲಿ ಸಾಧಿಸುವುದಕ್ಕಿಂತ ಇದರಲ್ಲಿ ಸಾಧಿಸುವುದು ಸುಲಭ. ಈ ಜೋಡಣೆಯೆಲ್ಲ ಯಂತ್ರದ್ದೆಂದು ನಾನು ತಿಳಿದಿದ್ದೆ, ಬಹುಪಾಲು ಕೈಕೆಲಸವಂತೆ. ಯುರೋಪಿನದೋ ಅಮೆರಿಕದ್ದೋ ಹೆಸರು ಹೊತ್ತ ಅನೇಕ ಫ್ರೇಮುಗಳು ತೈವಾನಿನ, ಚೀನಾದ ಕಾರ್ಖಾನೆಗಳಲ್ಲಿ ಸಾಲಾಗಿ ಕೂತವರ ಬೆರಳುಗಳಿಂದ ಬಂದವು. ಫ್ರೇಮನ್ನು ಸವರಿ ನೋಡುವಾಗ ನನಗೆ ಗೆದ್ದು ಬಂದ ಕಾಂಚೆಲಾರನಿಗಿಂತ ಈ ಬೆರಳುಗಳೇ ಹೆಚ್ಚು ನೆನಪಾಗುತ್ತವೆ.

ಆದರೂ ಒಂದು ಮಾತನ್ನು ಹೇಳಲೇಬೇಕು. ಸೈಕಲ್ ಫ್ರೇಮು ಎಂದರೆ ಎರಡು ತ್ರಿಕೋನ. ತ್ರಿಕೋನ ಮೇಲಿನಿಂದ ಒತ್ತಿದರೆ ಜಗ್ಗುವ ಆಕಾರವಲ್ಲ. ಸೇತುವೆ ಕಟ್ಟುವವರು ಅದನ್ನು ನಂಬುವುದೇ ಅದಕ್ಕೆ. ಹೊಸ ಫ್ರೇಮು ಹಳೆಯದಕ್ಕಿಂತ ಇಷ್ಟು ಶೇಕಡಾ ಹೆಚ್ಚು ಮೃದು ಎಂದು ಜಾಹೀರಾತು ಹೇಳಿದರೆ, ಅದು ಅತ್ಯಲ್ಪವಾದ ಒಂದು ಬಾಗುವಿಕೆಯ ಶೇಕಡಾ. ಅದಕ್ಕಿಂತ ಹೆಚ್ಚು ಬಾಗುವುದು ಸೀಟ್ ಪೋಸ್ಟು. ಅದಕ್ಕಿಂತಲೂ ಎಷ್ಟೋ ಪಾಲು ಹೆಚ್ಚು ಕುಸಿಯುವುದು ಟೈರು.

ಟೈರಿನ ಕತೆಯೇ ಸುಖದ ಕತೆ. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ್ದು ಹುಡುಗನಿಗೆ ಕಲ್ಲುದಾರಿಯಲ್ಲಿ ಕುಲುಕಾಟ ತಪ್ಪಲಿ ಎಂದು. ಮಾರನೆಯ ವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರ ಅದೇ ಬಗೆಯ ಟೈರು ಹಾಕಿಕೊಂಡು ಸ್ಪರ್ಧೆಗಳನ್ನು ಗೆಲ್ಲತೊಡಗಿದ. ಹಿತವಾದದ್ದೇ ವೇಗವಾದದ್ದೂ ಆಯಿತು. ಇಷ್ಟು ಸ್ಪಷ್ಟವಾಗಿ ತಿಳಿದ ಸಂಗತಿಯನ್ನು ಸೈಕಲ್ ಲೋಕ ಮುಂದೆ ಹೇಗೆ ಮರೆಯಿತೋ! ನಾನು ರೋಡ್ ಬೈಕುಗಳತ್ತ ಆಸೆಗಣ್ಣು ಬಿಡುತ್ತಿದ್ದ ಕಾಲದಲ್ಲಿ ಟೈರು 23 ಮಿಲಿಮೀಟರ್, ಗಾಳಿ ನೂರಹದಿನೈದು ಪಿಎಸ್‌ಐ. ಬೆರಳಿನಲ್ಲಿ ಒತ್ತಿದರೆ ಬೆರಳೇ ನೋಯಬೇಕು. ಗಟ್ಟಿಯಾದಷ್ಟೂ ಚುರುಕು ಎಂಬ ನಂಬಿಕೆ. ನುಣ್ಣನೆಯ ಟ್ರ್ಯಾಕಿನಲ್ಲಿ ಅದು ನಿಜವಿರಬಹುದು. ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಹರಳಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆತ್ತಿ ಇಳಿಸುತ್ತದೆ. ಆ ಎತ್ತಿ ಇಳಿಸುವ ಖರ್ಚೆಲ್ಲ ನಮ್ಮ ಕಾಲಿನದು. ಈಗ 32 ಮಿಲಿಮೀಟರ್ ಟೈರಿಗೆ ಅರವತ್ತು ಪಿಎಸ್‌ಐ ಆಸುಪಾಸು ತುಂಬಿ ವೃತ್ತಿಪರರಂತೆ ಮುಖ ಮಾಡಿಕೊಂಡು ಹೋಗಬಹುದು. ಹೆದ್ದಾರಿಯಲ್ಲಿ ನಿದ್ದೆಗೆಡಿಸಲು ಬಳಿದ ಬಿಳಿ ಪಟ್ಟಿಗಳ ಸಾಲು ಬಂದಾಗ ಈ ಎರಡು ಟೈರುಗಳ ವ್ಯತ್ಯಾಸ ಹಲ್ಲುಗಳಿಗೇ ಗೊತ್ತಾಗುತ್ತದೆ.

ಡೊಮಾನೆಯ ಈಚಿನ ಫ್ರೇಮಿನಲ್ಲಿ 38 ಮಿಲಿಮೀಟರಿನ ಟೈರು ಹಿಡಿಸುತ್ತದೆಂದು ಅಂಗಡಿಯಲ್ಲಿ ಹೆಮ್ಮೆಯಿಂದ ಹೇಳಿದರು. ನನಗೆ ಅಪ್ಪನ ಅಟ್ಲಾಸ್ ನೆನಪಾಯಿತು. ಇಪ್ಪತ್ತೆಂಟು ಇಂಚಿನ ಆ ಚಕ್ರದ ಒಂದೂವರೆ ಇಂಚಿನ ಟೈರು ಹತ್ತಿರ ಹತ್ತಿರ 40 ಮಿಲಿಮೀಟರ್. ಸೀಟಿನ ಕೆಳಗೆ ಸುರುಳಿ ಸ್ಪ್ರಿಂಗು, ಸೀಟಿಗಿಂತ ಎತ್ತರದ ಹ್ಯಾಂಡಲ್ಲು, ಹಿಂದಕ್ಕೆ ಒರಗಿದ ಫ್ರೇಮು. ನಾನು ಒಳಪೆಡಲು ಹೊಡೆಯುತ್ತ ಕಲಿತ ಆ ಸೈಕಲ್ಲಿಗೆ ಎಂಡ್ಯೂರೆನ್ಸಿನ ಸಕಲ ಲಕ್ಷಣಗಳೂ ಇದ್ದವು, ಸ್ಟ್ಯಾಂಡ್ ಸಮೇತ. ತೂಕ ಮಾತ್ರ ಇಪ್ಪತ್ತು ಕಿಲೋ. ಈಗ ಎಂಟೊಂಬತ್ತು ಕಿಲೋಗೆ ಅದೇ ಸುಖ. ಇಳಿದ ಪ್ರತಿ ಕಿಲೋಗೆ ಎಷ್ಟು ಸಾವಿರವಾಯಿತೆಂದು ಲೆಕ್ಕ ಹಾಕಬೇಡಿ, ನಾನು ಹಾಕಲಿಲ್ಲ.

ಅಳತೆಯ ಪಟ್ಟಿಯಲ್ಲಿ ನಿಜವಾಗಿ ನೋಡಬೇಕಾದ್ದು ಸ್ಟ್ಯಾಕ್ ಮತ್ತು ರೀಚ್. ಪೆಡಲ್‌ಗಳ ನಡುವಿನ ಅಚ್ಚಿನಿಂದ ಫ್ರೇಮಿನ ಕುತ್ತಿಗೆಯ ತುದಿ ಎಷ್ಟು ಮೇಲಿದೆ ಎಂಬುದು ಸ್ಟ್ಯಾಕ್, ಎಷ್ಟು ಮುಂದಿದೆ ಎಂಬುದು ರೀಚ್. ಒಂದೇ ಕಂಪನಿಯ ಓಟದ ಸೈಕಲ್ಲಿಗೂ ಹಿತದ ಸೈಕಲ್ಲಿಗೂ ಇರುವ ವ್ಯತ್ಯಾಸ ಮೇಲಕ್ಕೆ ಸುಮಾರು ಮೂರು ಸೆಂಟಿಮೀಟರ್, ಹಿಂದಕ್ಕೆ ಒಂದು. ಇಷ್ಟೇನಾ ಎನ್ನಬೇಡಿ, ಆ ಮೂರು ಸೆಂಟಿಮೀಟರಿನಲ್ಲಿ ಒಬ್ಬ ಮನುಷ್ಯನ ಕುತ್ತಿಗೆಯ ಭವಿಷ್ಯವಿದೆ. ಸೀಟಿನ ಎತ್ತರಕ್ಕೆ ಸ್ಪರ್ಧಾ ಸವಾರ ಗ್ರೆಗ್ ಲೆಮಾಂಡ್‌ನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಸೂತ್ರವಿದೆ: ಬರಿಗಾಲಲ್ಲಿ ಗೋಡೆಗೊರಗಿ ನಿಂತು, ಕಾಲುಗಳ ನಡುವೆ ರಟ್ಟಿನ ಪುಸ್ತಕ ಸಿಕ್ಕಿಸಿ, ನೆಲದಿಂದ ಅಳೆದು, 0.883ರಿಂದ ಗುಣಿಸುವುದು. ನಾನು ಪುಸ್ತಕ ಕೈಗೆತ್ತಿಕೊಂಡದ್ದೇ ತಡ, "ರೀ, ಸರಸ್ವತಿ ಕಣ್ರೀ ಅದು, ಎಲ್ಲಿಗೆ ಸಿಗಿಸ್ತಿದ್ದೀರಿ!" ಎಂಬ ಕೂಗು ಅಡುಗೆಮನೆಯಿಂದ ಬಂತು. ಗಾರೆ ಕೆಲಸದವರು ಬಿಟ್ಟುಹೋಗಿದ್ದ ರಸಮಟ್ಟದಿಂದ ಕೆಲಸವಾಯಿತು. ಗುಳ್ಳೆ ನಡುವೆ ನಿಂತದ್ದರಿಂದ ಅಳತೆ ಪುಸ್ತಕಕ್ಕಿಂತ ಕರಾರುವಾಕ್ಕು.

ಸೀಟಿನ ವಿಷಯದಲ್ಲಿ ಲೋಕಾನುಭವ ಸುಳ್ಳಾಗುತ್ತದೆ. ಮೆತ್ತನೆಯದು ಹಿತ ಎಂದು ಜೆಲ್ ತುಂಬಿದ್ದನ್ನು ಕೊಳ್ಳುತ್ತೇವೆ. ಕೂರುವ ಎರಡು ಎಲುಬುಗಳು ಅದರಲ್ಲಿ ಹೂತು, ಭಾರವೆಲ್ಲ ನಡುವಿನ ನರಗಳ ಮೇಲೆ ಬಿದ್ದು, ಒಂದು ಗಂಟೆಯಲ್ಲಿ ಜೋಮು ಹಿಡಿಯುತ್ತದೆ. ಎಲುಬುಗಳ ನಡುವಿನ ಅಂತರ ಅಳೆದು, ಅಷ್ಟು ಅಗಲದ, ತಕ್ಕಮಟ್ಟಿಗೆ ಗಟ್ಟಿಯಾದ ಸೀಟು ಆರಿಸಬೇಕು. ಅಳೆಯಲು ಒಂದು ಮೆತ್ತೆಯ ಮೇಲೆ ಕೂರಿಸಿ, ಎದ್ದ ಮೇಲೆ ಬಿದ್ದ ಗುಳಿಗಳನ್ನು ಇಡೀ ಅಂಗಡಿಯ ಎದುರು ಟೇಪು ಹಿಡಿದು ನೋಡುತ್ತಾರೆ. ಸಂಕೋಚವಿದ್ದವರು ಸಂಜೆಯ ಹೊತ್ತು ಹೋಗಬಾರದು.

ಮಿಕ್ಕದ್ದನ್ನು ಬೇಗ ಮುಗಿಸಬಹುದು. ಡಿಸ್ಕ್ ಬ್ರೇಕು ಮಳೆಗೆ ಒಳ್ಳೆಯದು. ಮುಂದೆ 34 ಹಲ್ಲಿನ ಚಿಕ್ಕ ಚಕ್ರ, ಹಿಂದೆ 34ರ ದೊಡ್ಡದು ಇದ್ದರೆ ಏರಿನಲ್ಲಿ ಮಾನ ಉಳಿಯುತ್ತದೆ. ಗುಂಡಿ ಒತ್ತಿದರೆ ಗೇರು ಬದಲಾಗುವ ಬ್ಯಾಟರಿ ವ್ಯವಸ್ಥೆ ಬಹಳ ಸೊಗಸು. ಆದರೆ ಮನೆಯಲ್ಲಿ ಚಾರ್ಜು ಮಾಡಬೇಕಾದ ವಸ್ತುಗಳು ಈಗಲೇ ಸಾಕಷ್ಟಿವೆ. ಕೇಬಲ್ಲುಗಳನ್ನೆಲ್ಲ ಫ್ರೇಮಿನ ಕುತ್ತಿಗೆಯೊಳಗೇ ಅಡಗಿಸುವ ಹೊಸ ಷೋಕಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ನೋಡಲು ಚೆಂದ, ಸರಿ. ಒಂದು ಬೇರಿಂಗ್ ಬದಲಿಸಲು ಅರ್ಧ ಸೈಕಲ್ಲು ಬಿಚ್ಚಬೇಕು.

ಕೊನೆಗೆ ನಾನು ಹೋದ ಅಂಗಡಿಯ ಮೆಕ್ಯಾನಿಕ್ ಜಮಖಂಡಿ ಕಡೆಯ ಹುಡುಗ. ವಿಜಯಪುರ, ಬಾಗಲಕೋಟೆ ಸೀಮೆಯಿಂದ ಬಂದ ರೈತರ ಮಕ್ಕಳು ಎಷ್ಟೋ ವರ್ಷಗಳಿಂದ ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಕರ್ನಾಟಕಕ್ಕೆ ಪದಕ ತಂದಿದ್ದಾರೆ; ಸೈಕ್ಲಿಂಗಿಗೆಂದೇ ಕ್ರೀಡಾ ಹಾಸ್ಟೆಲುಗಳಿರುವ ಊರುಗಳವು. ಇವನೂ ಒಂದು ಕಾಲಕ್ಕೆ ರೇಸ್ ಹೊಡೆದವನೇ. ನನ್ನ ಪ್ರಶ್ನೆಗಳನ್ನೆಲ್ಲ ಕೇಳಿ ಮುಗುಳ್ನಕ್ಕು, "ಸರ್, ನಿಮಗ ಸೈಕಲ್ ಹೊಡ್ಯಾಕ ಬೇಕೋ, ಅದರ ಮ್ಯಾಲ ಕುಂದ್ರಾಕ ಬೇಕೋ?" ಎಂದ. ಎರಡಕ್ಕೂ ಎಂದೆ. ಅತಿ ದುಬಾರಿಯ ಫ್ರೇಮನ್ನು ಬಿಡಿಸಿ, ಅದೇ ಅಚ್ಚಿನ ಆಕಾರದ, ಒಂದು ಮೆಟ್ಟಿಲು ಕೆಳಗಿನ ಕಾರ್ಬನ್ನಿನದನ್ನು ಕೊಡಿಸಿ, ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರು, ಸೀಟು ಹಾಕಿಸಿದವನು ಅವನೇ. ತನಗೆ ಲಾಭ ಕಡಿಮೆಯಾಗುವಂಥ ಸಲಹೆ ಕೊಡುವವರನ್ನು ನಾನು ಥಟ್ಟನೆ ನಂಬಿಬಿಡುತ್ತೇನೆ.

ಆದರೆ ರೇಸಿನ ಹುಡುಗನ ಕಣ್ಣು ಎಲ್ಲಿ ಹೋದೀತು? ಹ್ಯಾಂಡಲ್ಲಿನ ಕೆಳಗಿದ್ದ ಉಂಗುರಗಳನ್ನು ಅವನು ಬೇಸರದಿಂದ ನೋಡುತ್ತಿದ್ದ.

"ಈ ಸ್ಪೇಸರ್ ತಗದು, ಮ್ಯಾಲಿನ ನಳಿಗಿ ಕೊಯ್ದು, ಹ್ಯಾಂಡಲ್ ಕೆಳಗ ಇಳಸಿದ್ರ ನೋಡಾಕ ಭಾಳ ಛಲೋ ಕಾಣತೈತ್ರೀ."

"ಕೊಯ್ದ ಮೇಲೆ ಮತ್ತೆ ಏರಿಸಬಹುದೇನಪ್ಪ?"

"ಇಲ್ರೀ. ಕಾರ್ಬನ್ ಒಮ್ಮೆ ಕೊಯ್ದ್ರ ಆತು."

"ಹಾಗಾದರೆ ಮುಟ್ಟಬೇಡ. ಬರುವ ವರ್ಷಕ್ಕೆ ಇನ್ನೊಂದು ಉಂಗುರ ಬೇಕಾದೀತು, ಎತ್ತಿಟ್ಟಿರು" ಎಂದೆ.