ಹಿಮಾಲಯನ್‌ಗೆ ಮನೆಯಂಗಳದ ಆರೈಕೆ

2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕಲ್ಲುದಾರಿಗೆಂದೇ ಹುಟ್ಟಿದ ಗಾಡಿ: 411 ಸಿಸಿ ಎಂಜಿನ್, ಮುಂದೆ 21 ಇಂಚಿನ ಚಕ್ರ, ನೆಲದಿಂದ 220 ಮಿ.ಮೀ. ಎತ್ತರ. ಕೊಂಡ ವಾರದಲ್ಲೇ ಅದಕ್ಕೆ ಒಡವೆ ತೊಡಿಸುವ ಚಟ ಬಹಳ ಮಂದಿಗೆ. ಚೈನಿನ ಕಡೆ ಬಗ್ಗಿ ನೋಡುವವರು ಕಡಿಮೆ.

ಮಲೆನಾಡಿನ ಮಳೆಯಲ್ಲಿ ಓಡಿದ ಗಾಡಿಯ ಚೈನಿನಲ್ಲಿ ಮರಳು ಎಣ್ಣೆಯೊಡನೆ ಕಲೆತು ಕಬ್ಬಿಣವನ್ನೇ ಸವೆಸುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮೆತ್ತನೆಯ ಬ್ರಷ್‌ನಿಂದ ಸೀಮೆಎಣ್ಣೆ ಹಚ್ಚಿ ಉಜ್ಜಿ, ಒರೆಸಿ, 90ರ ಗೇರ್ ಆಯಿಲ್ ಸವರಿದರೆ ಆಯಿತು. ಪೆಟ್ರೋಲ್ ಬೇಡ, ಕೊಂಡಿಗಳೊಳಗೆ ಗ್ರೀಸ್ ಹಿಡಿದಿಡುವ ರಬ್ಬರ್ ಉಂಗುರಗಳನ್ನು ಅದು ಕೆಡಿಸುತ್ತದೆ. ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ ಚೈನ್ ಒರೆಸುವ ಧೀರರೂ ಇದ್ದಾರೆ. ಬಟ್ಟೆ ಸ್ಪ್ರಾಕೆಟ್‌ಗೆ ಸಿಕ್ಕರೆ ಹಿಂದೆಯೇ ಬೆರಳೂ ಹೋಗುತ್ತದೆ! ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು.

ಒರೆಸುವಾಗಲೇ ಕಡ್ಡಿಗಳನ್ನು ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ ನೋಡಬಹುದು. ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ.

ಇನ್ನು ಫಾಗ್ ಲ್ಯಾಂಪ್. ತಲಾ 40 ವ್ಯಾಟ್‌ನ ಎರಡು ದೀಪಗಳು 12 ವೋಲ್ಟ್‌ನಲ್ಲಿ ಸುಮಾರು 6.7 ಆಂಪಿಯರ್ ಎಳೆಯುತ್ತವೆ. ಅವನ್ನು ಇರುವ ವಯರಿಗೇ ಗಂಟು ಹಾಕಿದರೆ ಸ್ವಿಚ್ ಸುಟ್ಟೀತು. ಬ್ಯಾಟರಿಯಿಂದ ಬೇರೆ ವಯರ್, ಅದರ ಬುಡದಲ್ಲೇ 10 ಆಂಪಿಯರ್ ಫ್ಯೂಸ್, ಮುಂದೆ ರಿಲೇ ಇರಲೇಬೇಕು. ಎದುರು ಬರುವವನ ಕಣ್ಣೂ ನೆನಪಿರಲಿ.

ಗುಡುಗುವ ಸೈಲೆನ್ಸರ್ ಕನಸು ಕಾಣುವವರು ಮೋಟಾರು ವಾಹನ ಕಾಯ್ದೆಯನ್ನೂ ಓದಿಕೊಳ್ಳಲಿ. ಕಾನೂನು ಒಪ್ಪದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.