ಉಪ್ಪಿನ ಊರಿನ ಟಿಪ್ಪಣಿಗಳು

ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನಿಂದ ಆಗ್ನೇಯಕ್ಕೆ ಹೋಗುವ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ಲ್ಯೂನೆಬುರ್ಗ್ ಬರುತ್ತದೆ. ನಿಲ್ದಾಣದಿಂದ ಹೊರಬಿದ್ದು ಇಲ್ಮೆನೌ ಎಂಬ ಪುಟ್ಟ ಹೊಳೆಯನ್ನು ದಾಟಿದರೆ ಹಳೆಯ ಊರು. ಕೆಂಪು ಇಟ್ಟಿಗೆಯ ಎತ್ತರದ ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಅವುಗಳ ಮುಂಗೋಡೆಗಳು, ಕಲ್ಲು ಹಾಸಿದ ಬೀದಿಗಳು. ಎರಡನೆಯ ಮಹಾಯುದ್ಧದಲ್ಲಿ ಹ್ಯಾಂಬರ್ಗ್ ಹೊತ್ತಿ ಉರಿದರೂ ಈ ಊರು ಹೆಚ್ಚಿನ ಪೆಟ್ಟು ತಿನ್ನದೆ ಉಳಿಯಿತು. 1700ರಲ್ಲಿ ಹದಿನೈದರ ಹುಡುಗನೊಬ್ಬ ಇಲ್ಲಿನ ಸಂತ ಮೈಕೇಲರ ಶಾಲೆಗೆ ಹಾಡುಗಾರನಾಗಿ ಸೇರಿದ್ದ. ಅವನೇ ಮುಂದೆ ಪಾಶ್ಚಾತ್ಯ ಸಂಗೀತದ ದಿಗ್ಗಜನೆನಿಸಿದ ಯೋಹಾನ್ ಸೆಬಾಸ್ಟಿಯನ್ ಬಾಖ್.

ಊರಿಗೆ ಅನ್ನ ಕೊಟ್ಟದ್ದು ಮಾತ್ರ ಸಂಗೀತವಲ್ಲ, ಉಪ್ಪು. ಬೇಟೆಗಾರನೊಬ್ಬ ಹೊಡೆದ ಕಾಡುಹಂದಿಯ ಕೂದಲಿನ ಮೇಲೆ ಬಿಳಿಯ ಹರಳು ಕಂಡಿತಂತೆ, ಹಂದಿ ಹೊರಳಾಡಿದ್ದ ಹೊಂಡ ಹುಡುಕಿದರೆ ಉಪ್ಪುನೀರಿನ ಬುಗ್ಗೆ ಸಿಕ್ಕಿತಂತೆ! ಇದು ಊರವರ ಕಥೆ. ಕಥೆಯಲ್ಲದ ಸಂಗತಿಯೆಂದರೆ, ಊರಿನ ಅಡಿಯಲ್ಲಿ ದೊಡ್ಡದೊಂದು ಉಪ್ಪಿನ ಗುಮ್ಮಟವಿದೆ. ಅಂತರ್ಜಲ ಅದನ್ನು ಕರಗಿಸಿ ಇನ್ನು ಕರಗಿಸಲಾರೆ ಎನ್ನುವಷ್ಟು ಗಟ್ಟಿ ದ್ರಾವಣವಾಗುತ್ತಿತ್ತು. ಪ್ರೌಢಶಾಲೆಯ ಮಕ್ಕಳಿಗೆ ಇದು ಗೊತ್ತೇ ಇರುವ ಪರ್ಯಾಪ್ತ ದ್ರಾವಣ. ಸಾವಿರ ವರ್ಷ ಆ ನೀರನ್ನು ಮೇಲೆತ್ತಿ, ಕುದಿಸಿ, ಉಪ್ಪು ತೆಗೆದು ಲ್ಯೂಬೆಕ್ ಬಂದರಿಗೆ ಸಾಗಿಸಿದರು. 1980ರಲ್ಲಿ ಉಪ್ಪಿನ ಕೆಲಸ ನಿಂತಿತು. ಕಾರ್ಖಾನೆಯಿದ್ದ ಜಾಗದಲ್ಲಿ ಈಗ ವಸ್ತುಸಂಗ್ರಹಾಲಯವಿದೆ.

ಕೆಳಗಿನಿಂದ ಉಪ್ಪು ಖಾಲಿಯಾದರೆ ಮೇಲಿನ ನೆಲ ಕುಸಿಯಲೇಬೇಕಲ್ಲ. ಊರಿನ ಪಶ್ಚಿಮ ಭಾಗದಲ್ಲಿ ವಾಲಿದ ಮನೆಗಳು, ಸೊಟ್ಟಗಾದ ಬಾಗಿಲುಗಳು ಇಂದಿಗೂ ಕಾಣುತ್ತವೆ. ಸಂತ ಲ್ಯಾಂಬರ್ಟರ ಇಗರ್ಜಿಯನ್ನಂತೂ 1860ರ ಸುಮಾರಿಗೆ ಕೆಡವಿಯೇ ಬಿಟ್ಟರು. ನೆಲ ಎಷ್ಟು ಇಳಿಯಿತೆಂದು ಈಗಲೂ ಅಳೆಯುತ್ತಲೇ ಇರುತ್ತಾರೆ.

ಇಂಥ ಊರಿನಲ್ಲಿ 1985ರಲ್ಲಿ ಇನ್ನೊಬ್ಬ ಹುಡುಗ ಕಾಣಿಸಿಕೊಂಡ. ಹೆಸರು ಮಾರ್ಕೊ ಬೋರಿಸ್, ವಯಸ್ಸು ಹದಿನಾರು. ಅವನು ಹುಟ್ಟುಹಾಕಿದ ಸ್ಟಾರ್ ಡಿವಿಷನ್ ಎಂಬ ಸಣ್ಣ ಕಂಪನಿ ಬರವಣಿಗೆಯ ತಂತ್ರಾಂಶವೊಂದನ್ನು ತಯಾರಿಸಿತು. ಅದೇ ಬೆಳೆದು ಸ್ಟಾರ್ ಆಫೀಸ್ ಆಯಿತು. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಈ ಕಂಪನಿಯನ್ನು ಕೊಂಡು, ಮರುವರ್ಷ ತಂತ್ರಾಂಶದ ಒಳಗುಟ್ಟನ್ನೆಲ್ಲ ಓಪನ್ ಆಫೀಸ್ ಎಂಬ ಹೆಸರಿನಲ್ಲಿ ಲೋಕಕ್ಕೆ ತೆರೆದಿಟ್ಟಿತು. 2010ರಲ್ಲಿ ಸನ್ ಕಂಪನಿಯೇ ಒರೇಕಲ್ ಪಾಲಾಯಿತು. ಮುಂದೇನು ಎಂದು ಅಳುಕಿದ ಸ್ವಯಂಸೇವಕರು ಅದೇ ವರ್ಷದ ಸೆಪ್ಟೆಂಬರ್ 28ರಂದು ಬೇರೆಯಾಗಿ ಲಿಬ್ರೆ ಆಫೀಸ್ ಆರಂಭಿಸಿದರು. ಅದನ್ನು ನಡೆಸುವ ಡಾಕ್ಯುಮೆಂಟ್ ಫೌಂಡೇಶನ್ 2012ರಲ್ಲಿ ಬರ್ಲಿನ್‌ನಲ್ಲಿ ನೋಂದಣಿಯಾಯಿತು.

ಬೇರೆ ಮನೆ ಹೂಡುವುದು ಸುಲಭ, ನಡೆಸುವುದು ಕಷ್ಟ. ಕೈಯಲ್ಲಿದ್ದದ್ದು ಹತ್ತಾರು ಲಕ್ಷ ಸಾಲುಗಳ ಪ್ರೋಗ್ರಾಂ. ಅದನ್ನು ಬರೆದವರಲ್ಲಿ ಅನೇಕರು ಸಂಬಳದ ನೌಕರರು, ಹಳೆಯ ಮನೆಯಲ್ಲೇ ಉಳಿದವರು. ಹೊಸಬರು ಬರದಿದ್ದರೆ ಯೋಜನೆ ಮುಳುಗುತ್ತಿತ್ತು. ಬಂದ ಹೊಸಬರಿಗೆ ಮೊದಲು ಎದುರಾದದ್ದು ಜರ್ಮನ್ ಭಾಷೆ! ಪ್ರೋಗ್ರಾಂ ಬರೆಯುವವರು ನಡುನಡುವೆ ‘ಇಲ್ಲಿ ಹೀಗೇಕೆ ಮಾಡಿದೆ’ ಎಂದು ಟಿಪ್ಪಣಿ ಹಾಕುತ್ತಾರೆ. ಕಂಪ್ಯೂಟರ್ ಅದನ್ನು ಓದುವುದಿಲ್ಲ, ಅದು ಮುಂದೆ ಬರುವ ಮನುಷ್ಯನಿಗೆ. ಲ್ಯೂನೆಬುರ್ಗ್ ಮತ್ತು ಹ್ಯಾಂಬರ್ಗ್‌ನ ಹುಡುಗರು ಆ ಟಿಪ್ಪಣಿಗಳನ್ನು ತಮ್ಮ ತಾಯ್ನುಡಿಯಲ್ಲೇ ಬರೆದಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ಹುಡುಗನ ಪ್ರೋಗ್ರಾಂ ಒಂದು ದಿನ ಜಗತ್ತಿನ ಆಸ್ತಿಯಾದೀತೆಂದು ಯಾರು ಎಣಿಸಿದ್ದರು?

ಯೋಜನೆಯವರು ಈ ತೊಡಕನ್ನೇ ಪಾಠ ಮಾಡಿಕೊಂಡರು. ‘ಈಸಿ ಹ್ಯಾಕ್’ ಎಂಬ ಹೆಸರಿನಲ್ಲಿ ಪುಟ್ಟ ಪುಟ್ಟ ಕೆಲಸಗಳ ಪಟ್ಟಿ ಮಾಡಿದರು. ಜರ್ಮನ್ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತರುವುದು ಅದರಲ್ಲೊಂದು. ಅಂಥ ಟಿಪ್ಪಣಿ ಎಲ್ಲೆಲ್ಲಿದೆಯೆಂದು ಹುಡುಕಿಕೊಡಲು ಸಣ್ಣ ಪ್ರೋಗ್ರಾಮನ್ನೂ ಬರೆದರು. ಜರ್ಮನ್ ಬಲ್ಲವನಿಗೆ ಪ್ರೋಗ್ರಾಮಿಂಗ್ ಅಷ್ಟಾಗಿ ಬಾರದಿದ್ದರೂ ನಡೆಯುತ್ತಿತ್ತು. ಯಾರೂ ಬಳಸದ ಹಳೆಯ ಸಾಲುಗಳನ್ನು ಕಿತ್ತೆಸೆಯುವುದು ಇನ್ನೊಂದು ಕೆಲಸ. ಪ್ರತಿಯೊಂದು ಕೆಲಸಕ್ಕೂ ಎಷ್ಟು ಕಷ್ಟ, ಯಾವ ಭಾಷೆ ತಿಳಿದಿರಬೇಕು, ಯಾವ ಕಡತದಲ್ಲಿ ಕೈಯಿಡಬೇಕು ಎಂಬ ಗುರುತು ಹಾಕಿರುತ್ತಾರೆ. ಕಡೆಯದು ಬಹಳ ಮುಖ್ಯ. ಲಕ್ಷಗಟ್ಟಲೆ ಸಾಲುಗಳ ಕಾಡಿನಲ್ಲಿ ಹೊಸಬ ಸೋಲುವುದು ಬುದ್ಧಿ ಸಾಲದೆ ಅಲ್ಲ, ದಾರಿ ತಿಳಿಯದೆ.

ಹಾಗೆಂದು ಹಾದಿ ಹೂವಿನದಲ್ಲ. ಮೊದಲ ಸಲ ಇಡೀ ತಂತ್ರಾಂಶವನ್ನು ತನ್ನ ಯಂತ್ರದಲ್ಲಿ ಕಟ್ಟಿಕೊಳ್ಳುವುದಕ್ಕೆ ಸಾಧಾರಣ ಲ್ಯಾಪ್‌ಟಾಪಿಗೆ ಹಲವು ಗಂಟೆ ಬೇಕು. ಬರೆದದ್ದನ್ನು ಮುಕ್ತ ಪರವಾನಗಿಯಲ್ಲಿ ಕೊಡುತ್ತೇನೆಂದು ಒಂದು ಒಪ್ಪಿಗೆ ಪತ್ರ ಕಳಿಸಬೇಕು. ಆಮೇಲೆ ತಿದ್ದುಪಡಿಯನ್ನು ಗೆರಿಟ್ ಎಂಬ ವ್ಯವಸ್ಥೆಗೆ ಏರಿಸಿದರೆ ಯಂತ್ರಗಳು ಅದನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಕಟ್ಟಿ ನೋಡುತ್ತವೆ. ಅಲ್ಲಿ ಪಾಸಾದ ಮೇಲೆ ಅನುಭವಿಯೊಬ್ಬ ಸಾಲು ಸಾಲಾಗಿ ಓದಿ ‘ಇದು ಹೀಗಲ್ಲ’ ಎನ್ನುತ್ತಾನೆ. ಎರಡು ಸಾಲಿನ ತಿದ್ದುಪಡಿ ಮೂರು ಸಲ ಹಿಂದಿರುಗುವುದುಂಟು. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಕಂಡರೆ ಮುಖ ಸಣ್ಣ ಮಾಡುವ ವಿದ್ಯಾರ್ಥಿಗೆ ಇಲ್ಲಿ ಕಷ್ಟ. ಕಲಿಸುವವನಿಗೂ ಸುಖವಿಲ್ಲ. ಆ ತಿದ್ದುಪಡಿಯನ್ನು ತಾನೇ ಮಾಡಿದ್ದರೆ ಹತ್ತು ನಿಮಿಷ, ಹೊಸಬನಿಗೆ ಹೇಳಿಕೊಡಲು ಒಂದು ಸಂಜೆ. ಒಂದು ಕೆಲಸ ಮುಗಿಸಿ ಮತ್ತೆ ಮುಖ ತೋರಿಸದವರೂ ಇರುತ್ತಾರೆ. ಆದರೂ ಆ ಸಂಜೆಯನ್ನು ಕೊಡುವವರು ಇರುವುದರಿಂದಲೇ ಯೋಜನೆ ಉಳಿದಿದೆ.

‘ಸಂಬಳವೆಷ್ಟು?’ ಎಂದು ತಂದೆತಾಯಿ ಕೇಳುವುದು ಸಹಜ. ಸ್ವಯಂಸೇವೆಗೆ ಸಂಬಳವಿಲ್ಲ. 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಕಾರ್ಯಕ್ರಮದಲ್ಲಿ ಆಯ್ಕೆಯಾದವರಿಗೆ ಭತ್ಯೆ ಸಿಗುತ್ತದೆ. ಲಿಬ್ರೆ ಆಫೀಸ್ ಕೂಡ ಅದರಲ್ಲಿ ಭಾಗವಹಿಸುತ್ತ ಬಂದಿದೆ. ಹದಿನೆಂಟು ತುಂಬಿರಬೇಕು. ಮುಂಚೆಯೇ ಸಣ್ಣಪುಟ್ಟ ಕೆಲಸ ಮಾಡಿ ತೋರಿಸಿದವರಿಗೆ ಆಯ್ಕೆಯ ಬಾಗಿಲು ಬೇಗ ತೆರೆಯುತ್ತದೆ. ಅಂಕಪಟ್ಟಿಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಲ್ಯೂನೆಬುರ್ಗ್‌ನ ಹುಡುಗನ ಆ ತಂತ್ರಾಂಶದ ಮೊಮ್ಮಗ ಇಂದು ಕನ್ನಡದಲ್ಲೂ ಮಾತಾಡುತ್ತಾನೆ. ಅದರ ಆಯ್ಕೆಪಟ್ಟಿಗಳಿಗೆ ಕನ್ನಡ ಅನುವಾದವಿದೆ. 2017ರಲ್ಲಿ ಬಂದ 5.3ನೆಯ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಎಲ್ಲ ಬಗೆಯ ಕಂಪ್ಯೂಟರುಗಳಲ್ಲೂ ಅದರ ಅಕ್ಷರ ಜೋಡಣೆ ನೋಡಿಕೊಳ್ಳುತ್ತದೆ. ಒತ್ತಕ್ಷರ ಎಲ್ಲಿ ಕೂರಬೇಕೆಂದು ಲೆಕ್ಕ ಹಾಕುವುದು ಅದರ ಕೆಲಸ. ಅನುವಾದಕ್ಕೆ ಪ್ರೋಗ್ರಾಮಿಂಗ್ ಬೇಕಿಲ್ಲ, ಒಳ್ಳೆಯ ಕನ್ನಡ ಬೇಕು. ಪ್ರತಿ ಹೊಸ ಆವೃತ್ತಿಯಲ್ಲೂ ಹೊಸ ಪದಗಳು ಬಂದು ಅನುವಾದಕರಿಗಾಗಿ ಕಾದಿರುತ್ತವೆ.