ಹೊಟ್ಟಿನಲ್ಲಿ ಸಿಕ್ಕ ಪುಷ್ಯರಾಗ

ನವರಾತ್ರಿಗೆ ಇನ್ನೂ ಒಂದು ತಿಂಗಳಿರುವಾಗಲೇ ನಮ್ಮ ಮನೆಯಲ್ಲಿ ಗೊಂಬೆಯ ಮಾತು ಶುರುವಾಗುತ್ತದೆ. ಊರಿನಿಂದ ತಂದ ಪಟ್ಟದ ಗೊಂಬೆಗಳು ಪೆಟ್ಟಿಗೆಯಲ್ಲಿ ಇದ್ದೇ ಇವೆ. ವಿಜಯವಾಡಕ್ಕೆ ವರ್ಗವಾಗಿ ಬಂದ ಮೇಲೆ ಅವುಗಳ ಪಕ್ಕದಲ್ಲಿ ಕೊಂಡಪಲ್ಲಿಯ ಗೊಂಬೆಗಳೂ ಕೂರತೊಡಗಿವೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹೀಗಾಗಿ ಕಳೆದ ವರ್ಷ ಒಂದು ಭಾನುವಾರ ಅಮ್ಮನನ್ನೂ ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಕೊಂಡಪಲ್ಲಿಗೆ ಹೊರಟೆವು.

ನಮ್ಮ ಕೃಷ್ಣದೇವರಾಯ ಗಜಪತಿಗಳಿಂದ ಗೆದ್ದುಕೊಂಡ ಕೋಟೆ ಅಲ್ಲಿನ ಬೆಟ್ಟದ ಮೇಲಿದೆ. ಅಮ್ಮನ ಮಂಡಿ ಅದಕ್ಕೆ ಒಪ್ಪಲಿಲ್ಲ. ಆದ್ದರಿಂದ ಗೊಂಬೆ ಮಾಡುವವರ ಬೀದಿಯಲ್ಲೇ ಉಳಿದೆವು. 'ತೆಲ್ಲ ಪೊಣಿಕಿ' ಎಂಬ ಹಗುರವಾದ ಮರ; ಕೈಕಾಲುಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲೆಸಿ ಜೋಡಿಸುತ್ತಾರೆ. ಅಮ್ಮ ಒಂದು ಅಂಬಾರಿ ಆನೆಯನ್ನು ಬಗ್ಗಿ ಎತ್ತಿಕೊಂಡಳು. ಏಳುವಾಗ ಮಗಳು ಕಿರುಚಿದಳು: "ಅಜ್ಜಿ, ನಿನ್ನ ಓಲೆಯ ಕಲ್ಲು!"

ಎಡಗಿವಿಯ ಓಲೆ ಬೋಳಾಗಿತ್ತು.

ಆ ಪುಷ್ಯರಾಗದ ಓಲೆಯ ವಿಷಯ ಸ್ವಲ್ಪ ಹೇಳಬೇಕು. ನಾವು ಹುಟ್ಟಿದ ವರ್ಷ ಅಪ್ಪ ಚೀಟಿ ಕಟ್ಟಿ, ಆ ಹಣದಲ್ಲಿ ಕೊಂಡದ್ದು. ಅಪ್ಪ ಹೋದ ಮೇಲೆ ಅಮ್ಮ ಬಳೆ, ಸರ ಎಲ್ಲ ತೆಗೆದಿಟ್ಟಳು. ಇದನ್ನು ಮಾತ್ರ ತೆಗೆಯಲಿಲ್ಲ. ತೆಗೆ ಎಂದು ಯಾರೂ ಹೇಳಲೂ ಇಲ್ಲ.

ಅಂಗಳದ ತುಂಬ ಕೆತ್ತನೆಯ ಚೂರು, ಹೊಟ್ಟು. ನಾಲ್ವರೂ ಮಂಡಿಯೂರಿದೆವು. ಗೊಂಬೆಯವನ ಹೆಂಡತಿ ಒಳಗಿನಿಂದ ಜರಡಿ ತಂದು, ಮೊರದಿಂದ ಹೊಟ್ಟು ತುಂಬಿ ತುಂಬಿ ಜರಡಿ ಹಿಡಿದಳು. ಅರ್ಧ ಗಂಟೆಯ ಮೇಲೆ "ದೊರಿಕಿಂದಮ್ಮಾ!" ಎಂದು ಕೂಗಿದಳು. ಅಮ್ಮನಿಗೆ ತೆಲುಗು ಬಾರದು. ಆದರೂ ಅಂದು ಅರ್ಥವಾಯಿತು.

ಮರುದಿನ ಸಂಜೆ ಓಲೆಯನ್ನು ಅಕ್ಕಸಾಲಿಗನ ಬಳಿಗೆ ಒಯ್ದೆವು. ಕಲ್ಲು ಹಿಡಿಯುವ ಹಲ್ಲುಗಳು ಸವೆದಿದ್ದವು. ಬಿಡಿ ಕಲ್ಲು ಕೈಯಲ್ಲಿದ್ದುದರಿಂದ ನಮ್ಮೊಳಗೆ ಮಲಗಿದ್ದ ಬಿ.ಎಸ್ಸಿ. ಎಚ್ಚೆತ್ತಿತು. ಅವನ ತಕ್ಕಡಿಯಲ್ಲಿ ತೂಗಿದೆವು: 0.80 ಗ್ರಾಂ. ಬಳಿಕ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಅಂಕಿ ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಟ್ಟೆವು. ತೋರಿದ್ದು 0.30. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ ಸುಮಾರು 2.67. ಪುಷ್ಯರಾಗ, ಅಂದರೆ ಟೋಪಾಜ್, ಆಗಿದ್ದರೆ 3.5ರ ಹತ್ತಿರ ಬರಬೇಕಿತ್ತು. ಹಳದಿ ನೀಲಮಣಿಯಾಗಿದ್ದರೆ 4. ನಮ್ಮದು ಸ್ಫಟಿಕದ ಲೆಕ್ಕ: ಸಿಟ್ರಿನ್ ಎಂಬ ಹಳದಿ ಸ್ಫಟಿಕ. ಬೆಲೆಯಲ್ಲಿ ಬಹಳ ಅಗ್ಗ.

ಅಪ್ಪ ಮೋಸ ಹೋದರೇ? ಖಚಿತವಾಗಿ ಹೇಳಲಾರೆವು. ಹಳದಿ ಸ್ಫಟಿಕವನ್ನು ಟೋಪಾಜ್ ಎಂದೇ ಮಾರುವುದು ಜಗತ್ತಿನಾದ್ಯಂತ ಇದ್ದ ಹಳೆಯ ರೂಢಿ. ನಮ್ಮಲ್ಲಂತೂ ನವರತ್ನದ ಹಳದಿ ನೀಲಮಣಿ, ಟೋಪಾಜ್, ಸಿಟ್ರಿನ್ ಮೂರಕ್ಕೂ ಪುಷ್ಯರಾಗವೆಂಬ ಒಂದೇ ಹೆಸರು ಓಡಾಡುತ್ತದೆ. ಆದ್ದರಿಂದ ಕೊಳ್ಳುವವರು ಬಿಲ್ಲಿನಲ್ಲಿ ಕಲ್ಲಿನ ನಿಜವಾದ ಹೆಸರು ಬರೆಸಿಕೊಳ್ಳಬೇಕು. ಚಿನ್ನದ ತೂಕದಿಂದ ಕಲ್ಲಿನ ತೂಕ ಕಳೆದಿದ್ದಾರೆಯೇ ನೋಡಬೇಕು. 2021ರಿಂದ ಹಂತಹಂತವಾಗಿ ಕಡ್ಡಾಯವಾಗಿರುವ ಹಾಲ್‌ಮಾರ್ಕ್ ಚಿನ್ನಕ್ಕೆ ಸಾಕ್ಷಿಯೇ ಹೊರತು ಕಲ್ಲಿಗಲ್ಲ. ನೀಲಿ ಟೋಪಾಜ್ ಬೇಕೆಂದರೆ, ಅದರ ಬಣ್ಣ ಹೆಚ್ಚಾಗಿ ಬಣ್ಣವಿಲ್ಲದ ಕಲ್ಲಿಗೆ ವಿಕಿರಣ ಹಾಯಿಸಿ ಕಾಯಿಸಿ ಬರಿಸಿದ್ದೆಂದು ತಿಳಿದು ಕೊಳ್ಳಿ.

ಮನೆಯವರು ದಾರಿಯಲ್ಲಿ ಹೇಳಿದರು: "ನೋಡಿ, ನಿಮ್ಮ ಸೈನ್ಸು ತಕ್ಕಡಿಯ ಹತ್ತಿರವೇ ಇರಲಿ. ಅಮ್ಮನ ಮುಂದೆ ಬೇಡ."

ಮನೆಗೆ ಬಂದ ಕೂಡಲೇ ಅಮ್ಮ ಕೇಳಿದಳು: "ಕಲ್ಲಿಗೇನೂ ಆಗಿಲ್ಲ ತಾನೇನೋ?"

ಸುಳ್ಳು ಹೇಳದೆ ಪಾರಾಗಲು ಅದೇ ಸೈನ್ಸು ನೆರವಾಯಿತು. ಟೋಪಾಜ್ ಗಡಸುತನದಲ್ಲಿ 8, ಸ್ಫಟಿಕ 7. ಆದರೆ ಟೋಪಾಜಿಗೆ ಒಂದು ದಿಕ್ಕಿನಲ್ಲಿ ಸೀಳುವ ಗುಣವುಂಟು. ಸರಿಯಾಗಿ ಪೆಟ್ಟು ಬಿದ್ದರೆ ಎರಡು ಹೋಳು. ಸ್ಫಟಿಕಕ್ಕೆ ಆ ದೋಷವಿಲ್ಲ.

"ಗಟ್ಟಿ ಕಲ್ಲಮ್ಮ. ಅಷ್ಟು ಬಿದ್ದರೂ ಸೀಳಲಿಲ್ಲ ನೋಡು" ಎಂದೆವು.

"ನಿಮ್ಮಪ್ಪ ಆರಿಸಿದ್ದು" ಎಂದಳು.

ಈಗ ಓಲೆಯ ಆರೈಕೆ ನಮ್ಮ ಪಾಲಿಗೆ ಬಂದಿದೆ. ಉಗುರುಬೆಚ್ಚನೆಯ ಸಾಬೂನು ನೀರು, ಮೆತ್ತನೆಯ ಬ್ರಷ್ಷು, ಒಣಬಟ್ಟೆ, ಅಷ್ಟೇ. ಕುದಿನೀರು, ಅಂಗಡಿಯವರ ಉಗಿ, ಕಂಪನದ ಯಂತ್ರ ಯಾವುದೂ ಬೇಡ; ನಿಜವಾದ ಟೋಪಾಜಿಗಂತೂ ಕೂಡದು. ಹಿಂಬದಿ ಮುಚ್ಚಿದ ಕಟ್ಟಡವಾದರೆ ನೀರಿನಲ್ಲಿ ಅದ್ದಲೇಬಾರದು. ಒಳಗೆ ಹೊಳಪಿನ ತಗಡಿದ್ದರೆ ಕಪ್ಪಾದೀತು. ಬೇರೆ ಒಡವೆಗೆ ತಗಲದಂತೆ ಬಟ್ಟೆಯಲ್ಲಿ ಸುತ್ತಿಡಬೇಕು. ವರ್ಷಕ್ಕೊಮ್ಮೆ ಹಲ್ಲುಗಳನ್ನೂ ತಿರುಪನ್ನೂ ಪರೀಕ್ಷಿಸಬೇಕು. ನಾವು ಇದನ್ನು ಗೊಂಬೆ ಇಳಿಸುವ ದಿನಕ್ಕೆ ಗೊತ್ತುಮಾಡಿಕೊಂಡಿದ್ದೇವೆ.

ಆ ನವರಾತ್ರಿಯಲ್ಲಿ ಅಂಬಾರಿ ಆನೆ ಪಟ್ಟದ ಗೊಂಬೆಗಳ ಕೆಳಗೆ ನಿಂತಿತು. ದೀಪದ ಬೆಳಕಿನಲ್ಲಿ ಅಮ್ಮನ ಓಲೆ ಎಂದಿನಂತೆಯೇ ಹೊಳೆಯಿತು. ನಾವು ಮಾಡಿದ್ದು ಸರಿಯೋ ತಪ್ಪೋ ಓದುಗರು ಹೇಳಲಿ. ಅಮ್ಮನಿಗೆ ಕಣ್ಣು ಮಂಜು. ತಿಂಗಳು ತಿಂಗಳೂ ಈ ಪತ್ರಿಕೆಯನ್ನು ಓದಿ ಹೇಳುವವರು ನಾವೇ. ಈ ಸಲ ಒಂದು ಪುಟ ಬಿಟ್ಟು ಓದುತ್ತೇವೆ.